ಗೋಡೆಗೆ ಮೆತ್ತಿದ ಗಾಜು

ಮನುಷ್ಯ ನೆಲದ ಮೇಲೆ ಎಬ್ಬಿಸಿದ ಪ್ರತಿಯೊಂದು ಗೋಡೆಯೂ ಒಂದಲ್ಲ ಒಂದು ದಿನ ಬಿರುಕು ಬಿಡಲೇಬೇಕು; ಕಾಲದ ಮುಂದೆ ಕಲ್ಲು, ಇಟ್ಟಿಗೆ, ಮಣ್ಣು ಎಲ್ಲವೂ ಒಂದೇ. ಈ ಮಾತನ್ನು ನಾನು ಸರ್ಕಾರಿ ಕೆಲಸದಲ್ಲಿದ್ದ ಮೂವತ್ತು ಚಿಲ್ಲರೆ ವರ್ಷವೂ ಗಂಭೀರವಾಗಿ ಹೇಳಿಕೊಂಡು ಬಂದೆ. ಹೇಳಿದ್ದು ಬಹುಪಾಲು ನಾನೇ ಮುಂದೆ ನಿಂತು ಕಟ್ಟಿಸಿ, ಎರಡನೆಯ ಮಳೆಗಾಲಕ್ಕೇ ಬಾಯಿ ಬಿಟ್ಟ ಕಟ್ಟಡಗಳ ಎದುರು.

ಅರಸೀಕೆರೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತನಾದವನು ನಾನು. ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ವಿಚಾರಿಸಿಕೊಂಡು, ಆಮೇಲೆ ಮನೆಯವರನ್ನು ವಿಚಾರಿಸುವ ಚಟ ಇನ್ನೂ ಹೋಗಿಲ್ಲ. ಬಿರುಕಿನ ವಿಷಯದಲ್ಲಿ ನನ್ನ ಪಾಂಡಿತ್ಯ ಇಷ್ಟು. ಗಾರೆಯ ಮೇಲೆ ಕೂದಲೆಳೆಯಂತೆ ಹರಡಿಕೊಂಡಿದ್ದರೆ ಸಿಮೆಂಟು ಬೇಗ ಒಣಗಿದೆ ಎಂದರ್ಥ. ಸುಣ್ಣ ಬಳಿದು ಮರೆತುಬಿಡಬಹುದು. ತಾರಸಿಯ ಕೆಳಗೆ ಅಡ್ಡ ಗೆರೆ ಬಿದ್ದಿದ್ದರೆ ತಾರಸಿ ಬಿಸಿಲಿಗೆ ಹಿಗ್ಗಿ ಕುಗ್ಗಿದೆ; ನೋಡಲು ಚೆನ್ನಾಗಿರುವುದಿಲ್ಲ, ಸಾಮಾನ್ಯವಾಗಿ ಜೀವಕ್ಕೇನೂ ಭಯವಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಮೇಲೆ ಹೋದಷ್ಟೂ ಅಗಲವಾಗುವ ಬಿರುಕು ಮಾತ್ರ ಬೇರೆ. ಅದು ಗೋಡೆಯ ರೋಗವಲ್ಲ, ನೆಲದ್ದು. ಕೆಳಗೆ ಪಾಯ ಒಂದು ಕಡೆಗೆ ಇಳಿಯುತ್ತಿರುತ್ತದೆ.

ಹಳೇಬೀಡಿನ ನನ್ನ ಅಕ್ಕನ ಮನೆಯಲ್ಲಿ ಕಂಡದ್ದು ಈ ಮೂರನೆಯದು.

ಭಾವ ಅಲ್ಲಿ ಬಸ್ ನಿಲ್ದಾಣದ ಹತ್ತಿರ ಹೋಟೆಲು ನಡೆಸುತ್ತಿದ್ದರು. ದೇವಸ್ಥಾನದ ಶಿಲ್ಪ ನೋಡಿ ಕತ್ತು ನೋವು ಬಂದವರು ಅವರಲ್ಲಿಗೆ ಬಂದು ಇಡ್ಲಿ ತಿಂದು ಚೇತರಿಸಿಕೊಳ್ಳುತ್ತಿದ್ದರು. ಹೋಟೆಲು ಕೈ ಹಿಡಿದ ಮೇಲೆ, ಮನೆಯ ಹಿಂದೆ ಕೆರೆಯ ಕಡೆಗೆ ಮಣ್ಣು ತುಂಬಿಸಿ ಒಂದು ಕೋಣೆ ಕಟ್ಟಿಸಿದರು. ತುಂಬಿದ ಮಣ್ಣು ಕೂರಲು ಎರಡು ಮಳೆಗಾಲವಾದರೂ ಬಿಡಬೇಕಿತ್ತು; ಎರಡು ತಿಂಗಳು ಬಿಟ್ಟರು. ಬಚ್ಚಲ ನೀರೂ ಆ ಮೂಲೆಗೇ ಇಂಗುತ್ತಿತ್ತು. ಮಧ್ಯಾಹ್ನ ಹೋಟೆಲಿನಿಂದ ಬಂದು, ಉಂಡು, ಆ ಕೋಣೆಯ ಕಿಟಕಿಯ ಕೆಳಗಿನ ಮಂಚದ ಮೇಲೆ ಎರಡು ಗಂಟೆ ಮಲಗುವುದು ಭಾವನ ಪದ್ಧತಿ. ಬಿರುಕು ಇದ್ದದ್ದು ಅವರ ತಲೆಯ ನೇರಕ್ಕೆ.

"ಮಂಚ ಒಳಕ್ಕೆ ಹಾಕ್ಕಳಿ ಭಾವ. ಈ ಗೋಡೆ ನಂಬಂಗಿಲ್ಲ" ಎಂದೆ.

"ಏನಯ್ಯ ಓವರ್‌ಸೀರ, ನೀನು ಕಟ್ಸಿದ್ದ ಸಂತೆ ಶೆಡ್ಡು ಏನಾಯ್ತು?"

"ಅದರ ಮಾತು ಈಗ್ಯಾಕೆ?"

"ಬಿದ್ದೋಯ್ತು. ಇದು ನಿಂತೈತೆ. ಈಗ ಹೇಳು, ಯಾರನ್ನ ನಂಬಲಿ?" ಎಂದು ಭಾವ ದಿಂಬು ಸರಿಮಾಡಿಕೊಂಡರು. "ನಾಲ್ಕು ಗಂಟೆಗೆ ಎದ್ದು ಒಲೆ ಮುಂದೆ ಬೇಯೋನು ಕಣಯ್ಯ ನಾನು. ಈ ಕೆರೆ ಗಾಳಿ ಒಂದೇ ನಂಗಿರೋ ಸುಖ. ಅದುನ್ನೂ ಕಿತ್ಕಬೇಡ."

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಮ್ಮ ಇಲಾಖೆಯಲ್ಲಿ ಒಂದು ಹಳೆಯ ಕ್ರಮವಿದೆ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಇಟ್ಟು, ಅದರ ಎರಡು ತುದಿಗೂ ಸಿಮೆಂಟು ಮೆತ್ತಿ, ಸಿಮೆಂಟು ಹಸಿಯಿರುವಾಗಲೇ ಮೊಳೆಯಿಂದ ಅವತ್ತಿನ ತಾರೀಖು ಗೀಚುವುದು. ಗೋಡೆ ಕೂದಲಿನಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಗಾಜು ಒಡೆದ ದಿನ ಮಂಚ ಎತ್ತಬೇಕು, ಕೋಣೆ ಖಾಲಿ ಮಾಡಬೇಕು.

"ಒಡೆದ ದಿನ ನಾನೇ ತಲೆ ಮೇಲೆ ಹೊತ್ಕೊಂಡೋಯ್ತೀನಿ, ಆಯ್ತಾ?" ಎಂದರು ಭಾವ. ಆಡಿದ ಮಾತಿಗೆ ತಪ್ಪುವವರಲ್ಲ.

ಈ ಒಪ್ಪಂದ ಆಗುವಾಗ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗಾಜು ಮೆತ್ತಿ, ಮಿಕ್ಕ ಸಿಮೆಂಟು ಪುಡಿಯನ್ನು ಡಬ್ಬಕ್ಕೆ ತುಂಬಿ ಅಟ್ಟದ ಮೇಲಿಟ್ಟು, ನಾನು ಕೈ ತೊಳೆಯುವ ಹೊತ್ತಿಗೆ ಒಳಗೆ ಬಂದಳು.

"ಇದೇನೋ ಇದು, ಗೋಡೆಗೆ ಗಾಯದ ಪಟ್ಟಿ ಕಟ್ಟಿದ್ಯಾ?"

"ಅದು ಒಡೀಬಾರ್ದು ಅಕ್ಕ. ಪೊರಕೆ ಗಿರಕೆ ತಾಗಿಸ್ಬೇಡ. ಜೋಪಾನ."

ನಾನು ಹೇಳಿದ್ದು ಇಷ್ಟೇ. ಸರ್ವಿಸಿನಲ್ಲೆಲ್ಲ ಯಾರಿಗೂ ಇದಕ್ಕಿಂತ ಹೆಚ್ಚು ಹೇಳಿದವನಲ್ಲ. ಅಲ್ಲಿ ಗಾಜು ಎಂದರೆ ಏನೆಂದು ಗಾರೆ ಕಲಸುವವರಿಗೂ ಗೊತ್ತಿತ್ತು.

ಆಮೇಲೆ ತಿಂಗಳಿಗೊಮ್ಮೆ ಬಾಣಾವರದ ಮೇಲೆ ಹೋಗುವ ಬಸ್ಸು ಹತ್ತಿ ತಪಾಸಣೆಗೆ ಹೋಗುತ್ತಿದ್ದೆ. ಕನ್ನಡಕ ಏರಿಸಿ, ಗೋಡೆಯ ಮುಂದೆ ನಿಂತು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ನೋಡುವುದು. ಗಾಜು ಇಡಿಯಾಗಿರುತ್ತಿತ್ತು. "ಗಾಜು ಸುಸ್ಥಿತಿಯಲ್ಲಿದೆ" ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ, ಯಾವ ಮೇಲಧಿಕಾರಿಯೂ ಕೇಳದಿದ್ದರೂ.

ಬಿರುಕು ಸ್ವಲ್ಪ ಅಗಲವಾದಂತೆ ಕಂಡದ್ದು ನಿಜ. ಗಾಜು ಇಲ್ಲವೆನ್ನುತ್ತಿತ್ತು; ಕಣ್ಣಿಗೆ ವಯಸ್ಸಾಯಿತು, ಗಾಜಿಗೆ ಆಗಿಲ್ಲ ಎಂದು ನಾನು ಗಾಜನ್ನೇ ನಂಬಿದೆ. ಸಿಮೆಂಟು ಹೊಸದರಂತೆ ಕಪ್ಪಗಿತ್ತು; ಮಳೆಗಾಲದ ತೇವ ಎಂದುಕೊಂಡೆ. ತಾರೀಖಿನ ಅಂಕಿಗಳು ನಾನು ಬರೆದದ್ದಕ್ಕಿಂತ ದುಂಡಗೆ ಕಂಡವು. ನನ್ನ ಕೈಬರಹ ಇಷ್ಟು ಚೆನ್ನಾಗಿದೆಯೇ ಎಂದು ಒಂದು ಗಳಿಗೆ ಸಂತೋಷಪಟ್ಟದ್ದೂ ಉಂಟು.

"ಈ ಕೋಣೆ ಬಾಗ್ಲು ಹಾಕಕ್ಕೇ ಆಯ್ತಾ ಇಲ್ಲ ಕಣೋ, ಕಚ್ಕೋತೈತೆ" ಎಂದಳು ಅಕ್ಕ ಒಮ್ಮೆ.

"ಮಳೆಗೆ ಮರ ಉಬ್ಬಿರುತ್ತೆ" ಎಂದೆ.

ಭಾವ ಮಂಚದ ಮೇಲಿಂದ, "ನೋಡ್ದಾ, ನಿನ್ ಗಾಜೂ ನನ್ ಕಡೆಗೇ ಐತೆ" ಎಂದು ನಕ್ಕರು.

ಆ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ವಾರವಿಡೀ ಸುರಿದ ಮಳೆ ನಿಂತು ಬಿಸಿಲು ಬಂದ ದಿನ, ಮಧ್ಯಾಹ್ನ ಎರಡೂವರೆಗೆ, ಕಿಟಕಿಯ ಗೋಡೆ ಒಳಕ್ಕೆ ಬಿತ್ತು. ಜೊತೆಗೆ ತಾರಸಿಯ ಒಂದು ಮೂಲೆಯೂ ಬಂತು. ಅಕ್ಕ ಅಡುಗೆಮನೆಯಲ್ಲಿದ್ದಳು. ಅಕ್ಕಪಕ್ಕದವರು ಇಟ್ಟಿಗೆ ತೆಗೆದು ಭಾವನನ್ನು ಹೊರಗೆಳೆದು ಹಾಸನದ ಆಸ್ಪತ್ರೆಗೆ ಒಯ್ದರು. ನಾನು ಅರಸೀಕೆರೆಯಿಂದ ರೈಲಿನಲ್ಲಿ ಹೋಗಿ ಸೇರುವಾಗ ಸಂಜೆಯಾಗಿತ್ತು. ಭಾವನಿಗೆ ಪ್ರಜ್ಞೆ ಇರಲಿಲ್ಲ.

ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಸೆರಗಿನಲ್ಲಿ ಇನ್ನೂ ಗಾರೆಯ ಪುಡಿ ಇತ್ತು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಿಂಗೊಂದು ವಿಷ್ಯ ಹೇಳಿರ್ಲಿಲ್ಲ ಕಣೋ" ಎಂದಳು. "ಬೈಬೇಡ."

"ಹೇಳು."

"ಆ ಗಾಜು ಐದು ಸಲ ಒಡೀತು. ಪೊರಕೆ ತಾಗ್ಸಿಲ್ಲ, ನಿನ್ನಾಣೆಗೂ. ಅದಾಗದೇ ಒಡ್ಕೊಂತಿತ್ತು. ನೀನು ನೋಡಿದ್ರೆ ಜೋಪಾನ ಅಂದಿದ್ದೆ. ಒಡೆದ ಗಾಜು ಮನೇಲಿ ಇರ್ಬಾರ್ದು, ಅದೂ ದೇವ್ರ ಗೂಡಿನ ಎದುರಿಗೆ. ಫೋಟೋಕ್ಕೆ ಕಟ್ಟು ಹಾಕ್ತಾರಲ್ಲ, ಅವ್ರತ್ರ ಅಳತೆಗೆ ಕುಯ್ಸಿಕೊಂಡು ಬಂದು ಮೆತ್ತುತಿದ್ದೆ. ಅಟ್ಟದ ಮೇಲೆ ಸಿಮೆಂಟು ಇತ್ತಲ್ಲ. ನೀನು ಬರ್ದಿದ್ದ ತಾರೀಖ್ನೇ ನೋಡ್ಕೊಂಡು ಬರೀತಿದ್ದೆ."

"ಭಾವಂಗೆ ಗೊತ್ತಿತ್ತಾ?"

"ಅವ್ರು ಹೋಟ್ಲಿಂದ ಬರೋದ್ರೊಳಗೆ ಮುಗಿಸ್ಬಿಡ್ತಿದ್ದೆ. ಅಪಶಕುನ ಅಂತ ಮನಸಿಗೆ ಹಚ್ಕೊಂಡು ನಿದ್ದೆ ಕೆಡಿಸ್ಕೊಂಡಾರು ಅಂತ."

ಐದು ಸಲ. ನನ್ನ ಡೈರಿಯಲ್ಲಿ "ಸುಸ್ಥಿತಿಯಲ್ಲಿದೆ" ಎಂಬುದು ಎಂಟು ಸಲ ಇತ್ತು.

"ನಾನು ಅದನ್ನ ಮುಟ್ಟಿದ್ದಕ್ಕೇ ಏನಾರ ಆಯ್ತೇನೋ?" ಎಂದಳು ಅಕ್ಕ. "ನೀನು ಓದ್ದೋನು. ಹೇಳು."

"ಇಲ್ಲ ಅಕ್ಕ" ಎಂದೆ. "ಗಾಜಿಗೂ ಗೋಡೆಗೂ ಸಂಬಂಧ ಇಲ್ಲ. ಅದು ಸುಮ್ನೆ ನಮ್ ಇಲಾಖೆ ಶಾಸ್ತ್ರ."

ಜೀವಮಾನದಲ್ಲಿ ಕಟ್ಟಡಗಳ ಬಗ್ಗೆ ಎಷ್ಟೋ ತಪ್ಪು ಅಭಿಪ್ರಾಯ ಕೊಟ್ಟಿದ್ದೇನೆ. ತಪ್ಪೆಂದು ಗೊತ್ತಿದ್ದೂ ಕೊಟ್ಟದ್ದು ಅದೊಂದೇ. ಅಕ್ಕ ತಲೆಯಾಡಿಸಿ, ಸೆರಗಿನ ಪುಡಿಯನ್ನು ನೆಲಕ್ಕೆ ಬೀಳದ ಹಾಗೆ ಅಂಗೈಗೆ ಕೊಡವಿಕೊಂಡು, ಎಲ್ಲಿ ಹಾಕುವುದೆಂದು ತಿಳಿಯದೆ ಹಾಗೇ ಹಿಡಿದು ಕೂತಳು.

ಭಾವ ಮೂರನೆಯ ದಿನ ಬೆಳಗ್ಗೆ ತೀರಿಕೊಂಡರು.