ಅವ್ವ ಎತ್ತಿದ ವಾಗ್ದಾನ

ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ನಮ್ಮ ಕನ್ನಡ ಸಭೆಯವರು ಒಬ್ಬೊಬ್ಬರಾಗಿ ಮುಂದೆ ಬಂದು, ಡಬ್ಬಿಯಲ್ಲಿ ಕೈ ಹಾಕಿ ಒಂದು ಚೀಟಿ ಎತ್ತುತ್ತಾರೆ. ಅದರಲ್ಲಿರುವ ಬೈಬಲ್ ವಚನವೇ ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ವಾಗ್ದಾನ. ಹಾಸಿಗೆ ಹಿಡಿದವರ ಮನೆಗೆ ಡಬ್ಬಿಯೇ ಹೋಗುತ್ತದೆ. ಅದನ್ನು ಒಯ್ಯುತ್ತಿದ್ದವನು ನನ್ನ ಅಪ್ಪ.

ಅಪ್ಪ ನಾಚಾರಂನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ಓಡಿಸಿ ನಿವೃತ್ತನಾದವನು. ಪಾದ್ರಿಯಲ್ಲ, ಸಭೆಯ ಹಿರಿಯ. ತೆಲುಗು ನಾಡಿನ ಈ ಊರಲ್ಲಿ, ಅಬಿಡ್ಸ್ ಪೇಟೆಯಲ್ಲಿ ಸಿಗುವ ವಾಗ್ದಾನದ ಕಾರ್ಡುಗಳು ತೆಲುಗಿನವು. ಹಾಗಾಗಿ ಅವನು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಕನ್ನಡ ವಚನಗಳನ್ನು ಬರೆಯುತ್ತಿದ್ದ. ಯಾವ ದಪ್ಪ ಕಾಗದದ, ಯಾವ ಉಬ್ಬಿದ ಅಕ್ಷರದ ಹಿಂದೆ ಯಾವ ವಚನ ಇದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು.

ಆ ವರ್ಷ ಡಬ್ಬಿ ನಮ್ಮ ಮನೆಗೇ ಬರಬೇಕಾಯಿತು. ಅವ್ವನಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕ್ರಿಸ್ಮಸ್ಸಿಗೆ ಮುಂಚೆ ಆಸ್ಪತ್ರೆಯವರು ಕಳಿಸಿದ್ದರು.

ಇಲ್ಲಿಂದ ಮುಂದೆ ನನ್ನ ನೆನಪು ತೀರ ಚೊಕ್ಕಟವಾಗಿದೆ. ಅದಕ್ಕೇ ಅನುಮಾನ. ಕಿಟಕಿಯ ಬಿಸಿಲು ಅವ್ವನ ಕಾಲ ಮೇಲೆ ಬಿದ್ದಿತ್ತು ಎಂದು ಬರೆದೆ. ಆ ಖೋಲಿಗೆ ಬಿಸಿಲೇ ಬರುವುದಿಲ್ಲ. ಆ ಸಾಲು ಹೊಡೆದುಹಾಕಿದೆ. ಮಾತುಗಳನ್ನು ಮಾತ್ರ ನಂಬುತ್ತೇನೆ, ಅವನ್ನು ಮೌಶಿ ಇಂದಿಗೂ ನನಗೆ ಒಪ್ಪಿಸುತ್ತಾಳೆ.

ಮೌಶಿ ಎಂದರೆ ಅವ್ವನ ತಂಗಿ. ದಿನಾ ಬೇಗಂಪೇಟೆಯಿಂದ ಬಂದು, ಫೋನಿನಲ್ಲಿ ತೆಲುಗು ಬೋಧಕರ ವಿಡಿಯೋ ಹಚ್ಚಿ ಅವ್ವನ ದಿಂಬಿನ ಪಕ್ಕ ಇಡುತ್ತಿದ್ದಳು. ಅವರೆಲ್ಲ ರೋಗಿಗಳನ್ನು ಹೆಸರು ಹಿಡಿದು ಕರೆದು, ನಿನಗೆ ಗುಣವಾಯಿತು ಎಂದು ಸಾರುತ್ತಿದ್ದರು. ಅಪ್ಪ ಪ್ರಾರ್ಥಿಸಿದ ಮೇಲೆ ಸಭೆಯ ಒಂದು ಕೂಸಿನ ಜ್ವರ ಇಳಿದಿತ್ತು. ಅಂದಿನಿಂದ ಜನ ಅವನ ಬಾಯಿಯಿಂದಲೂ ಅಂಥ ಮಾತಿಗೆ ಕಾಯುತ್ತಿದ್ದರು.

ಡಬ್ಬಿ ಹಿಡಿದು ಒಳಗೆ ಬಂದ ಅಪ್ಪನನ್ನು ಮೌಶಿ ಅಡಿಗೆಮನೆಗೆ ಕರೆದಳು. ನಾನು ಅಲ್ಲೇ ಗಂಜಿ ಆರಿಸುತ್ತಿದ್ದೆ.

“ಮಾಮಾ, ಆಯುಷ್ಯದ ವಚನ ಯಾವ ಕಾರ್ಡಿನ ಮ್ಯಾಲ ಐತಿ, ನಿಮಗ ಗೊತ್ತೈತಲ್ಲ. ಅದನ್ನ ಅಕ್ಕನ ಕೈಗೆ ಸಿಗೂವಂಗ ಮ್ಯಾಲ ಇಡ್ರಿ.”

“ಗೊತ್ತೈತಿ.”

“ಮತ್ತ?”

“ನಾ ಇಟ್ರ ಅದು ನನ್ನ ಮಾತಾಕೈತಿ. ದೇವರ ಹೆಸರಿಲೆ ನನ್ನ ಮಾತು ಹ್ಯಾಂಗ ಕೊಡ್ಲಿ?”

“ಊರ ಮಂದಿಗೆಲ್ಲಾ ಪ್ರಾರ್ಥನಾ ಮಾಡ್ತೀರಿ. ಕಟಗೊಂಡಾಕಿಗೆ ಒಂದ್ ಚೀಟಿ ಭಾರ ಆತೇನ್ರಿ?”

ಅಪ್ಪ ಮುಚ್ಚಳ ತೆಗೆದ. ಅವನ ಕೈ ಡಬ್ಬಿಯೊಳಗಿತ್ತು. ಕಾಗದ ಸರಿದಾಡುವ ಸದ್ದು ಕೇಳಿಸಿತು, ನಿಂತಿತು. ಗುಲಾಬಿ ಬಣ್ಣದ ಒಂದು ಚೀಟಿ ಹೊರಗೆ ಬಂತು. ಬಹಳ ಹೊತ್ತು ಹಿಡಿದು ನಿಂತಿದ್ದ. ಆಮೇಲೆ ಅದನ್ನು ಒಳಗೆ ಹಾಕಿ, ಮುಚ್ಚಳ ಮುಚ್ಚಿ, ಡಬ್ಬಿಯನ್ನು ಜೋರಾಗಿ ಅಲ್ಲಾಡಿಸಿದ.

ಬಹಳ ಹೊತ್ತು ಎಂಬುದು ನನ್ನ ಲೆಕ್ಕ. ಮೌಶಿಯ ಪ್ರಕಾರ ಅವನು ಯೋಚಿಸಲೂ ಇಲ್ಲ.

ಹಾಸಿಗೆಯ ಬಳಿ ಅಪ್ಪ ಹಿಡಿದ ಡಬ್ಬಿಯಿಂದ ಅವ್ವ ತಾನೇ ಚೀಟಿ ಎತ್ತಿದಳು. ಅದರಲ್ಲಿ ಇದ್ದದ್ದು ತುಂಬಿ ತುಳುಕುವ ಕಣಜಗಳ ಮಾತು. ಅಪ್ಪ ಓದಿದ.

“ಈ ಎರಡು ಖೋಲಿಯೊಳಗ ಕಣಜ ಎಲ್ಲಿ ಇಡ್ತೀರಿ? ಮೊದಲ ಆ ಕೂಲರ್ ತಗೀರಿ,” ಎಂದು ಅವ್ವ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದಳು, “ಖರೇ ಹೇಳ್ರಿ. ನಾ ಉಳೀತೀನೇನ್ರಿ? ನಿಮಗೇನರ ತಿಳಿಸ್ಯಾನೇನು ಆತ?”

“ಇಲ್ಲ,” ಎಂದ ಅಪ್ಪ. “ದಿನಾ ಕೇಳಾಕತ್ತೀನಿ. ಆತ ಹೇಳವಲ್ಲ.”

ಅವ್ವ ಗೋಡೆಯ ಕಡೆ ತಿರುಗಿದಳು. ಆ ದಿನ ಗಂಜಿ ಮುಟ್ಟಲಿಲ್ಲ. ಅಪ್ಪ ನೆಲದ ಮೇಲೆ ಕೂತು ಅವಳ ಪಾದ ಒತ್ತುತ್ತಿದ್ದ. ಅವಳು ಕಾಲು ಎಳೆದುಕೊಂಡಳು. ಅವನು ಏಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವ್ವ ಮೌಶಿಗೆ ಫೋನ್ ಬಂದ್ ಮಾಡಲು ಹೇಳಿದಳು. ಅಪ್ಪನನ್ನು ಕರೆದು, ಅವನ ಕೈ ಹಿಡಿದು ಪ್ರಾರ್ಥನೆ ಮಾಡಿಸಿಕೊಂಡಳು. ಅವಳಿಗೆ ಸುಳ್ಳಿಲ್ಲದ ಒಂದು ದನಿ ಬೇಕಾಗಿತ್ತು ಎಂದು ನಾನು ತಿಳಿಯುತ್ತೇನೆ. ಗದ್ದಲಕ್ಕೆ ತಲೆ ನೋಯುತ್ತಿತ್ತು, ಅಷ್ಟೇ, ಎನ್ನುತ್ತಾಳೆ ಮೌಶಿ. ನಾವಿಬ್ಬರೂ ಅವ್ವನನ್ನೇ ಕೇಳಲಿಲ್ಲ.

ಈಸ್ಟರ್ ಇನ್ನೂ ದೂರವಿದ್ದಾಗ ಅವ್ವ ಹೋದಳು.

ಸಮಾಧಿಯ ಬಳಿ ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಅಪ್ಪನ ಕಡೆ ನೋಡಿದರು. ಅವನು ದನಿ ಏರಿಸಲಿಲ್ಲ.

“ಈಕಿನ್ನ ಯಾಕ ಕರಕೊಂಡ ಅಂತ ನನಗ ಗೊತ್ತಿಲ್ಲ. ಆದ್ರ ಈಕಿ ಈಗ ಆತನ ಹತ್ರ ಅದಾಳ. ಇದು ನನಗ ಗೊತ್ತೈತಿ.”

ಇಂಥ ಮಾತನ್ನು ಎಲ್ಲ ಸಮಾಧಿಗಳ ಬಳಿಯೂ ಯಾರಾದರೂ ಹೇಳುತ್ತಾರೆ, ನಾನು ಅದನ್ನು ಕಿವಿಗೆ ಹಾಕಿಕೊಂಡವನಲ್ಲ. ಆದರೆ ಸಾಯುತ್ತಿದ್ದ ಹೆಂಡತಿ ಬೇಡಿದಾಗಲೂ ಗೊತ್ತಿಲ್ಲದ್ದನ್ನು ಗೊತ್ತು ಎನ್ನದ ಬಾಯಿ ಅದು. ನಂಬಿದೆ. ಆ ಮಧ್ಯಾಹ್ನದ ಮಟ್ಟಿಗೆ, ಪೂರ್ತಿಯಾಗಿ.

ಮೌಶಿ ಹಿಡಿ ಮಣ್ಣು ಹಾಕಿ, ಅಪ್ಪನನ್ನು ಮಾತಾಡಿಸದೆ ಗೇಟಿನ ಕಡೆ ನಡೆದಳು. ಅಪ್ಪ ಅವಳ ಹಿಂದೆ ಹೋದ. ಆಟೋ ಸಿಗುವ ತನಕ ಇಬ್ಬರೂ ರಸ್ತೆಯ ಬದಿಯಲ್ಲಿ ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ.