ಆರು ಮೂವತ್ತಮೂರರ ಸೂರ್ಯಾಸ್ತ

ತಿರುವನಂತಪುರದ ಆ ಕಾಲೇಜಿನ ಎದುರಿಗಿದ್ದ ಚಹಾದಂಗಡಿಯಲ್ಲಿ ಯಾರೋ ಬಿಟ್ಟುಹೋದ ಮಲಯಾಳಂ ಪತ್ರಿಕೆಯ ಹವಾಮಾನದ ಚೌಕ ಕಣ್ಣಿಗೆ ಬಿದ್ದಾಗ ಸಂಜೆ ಐದೂವರೆ. ಸೂರ್ಯಾಸ್ತ 6.45 ಎಂದಿತ್ತು. ನನ್ನ ಜೇಬಿನಲ್ಲಿದ್ದ ವಿಶ್ವವಿದ್ಯಾಲಯದ ಆದೇಶದಲ್ಲಿ 6.33 ಎಂದಿತ್ತು. ಯಾವುದು ತಪ್ಪಿರಬಹುದು ಎಂಬ ಅನುಮಾನ ಕೂಡಲೇ ಬಂತು, ಏಕೆಂದರೆ ಆ 6.33ನ್ನು ಕೊಟ್ಟವನು ನಾನೇ.

ಎರಡು ಸಾವಿರದ ದಶಕದ ನಡುವಿನ ಒಂದು ಜೂನ್, ಶನಿವಾರ. ನನ್ನ ಹೆಂಡತಿ ಬೆಳಗ್ಗೆ ಹತ್ತರಿಂದ ಕಾಲೇಜಿನ ಮೊದಲ ಮಹಡಿಯ ಕೋಣೆಯಲ್ಲಿ ಕುಳಿತಿದ್ದಳು. ಅವಳ ಕ್ರೈಸ್ತ ಸಭೆಯವರಿಗೆ ಶನಿವಾರವೇ ಸಬ್ಬತ್, ವಿಶ್ರಾಂತಿಯ ದಿನ. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಮುಳುಗುವವರೆಗೆ ದುಡಿಮೆಯಿಲ್ಲ, ಕೊಡುಕೊಳ್ಳುವಿಕೆಯಿಲ್ಲ, ಪರೀಕ್ಷೆಯಂತೂ ಇಲ್ಲ. ಇಂಥವರಿಗಾಗಿ ವಿಶ್ವವಿದ್ಯಾಲಯ ಒಂದು ದಾರಿ ಇಟ್ಟಿತ್ತು. ಅರ್ಜಿ ಹಾಕಿದರೆ ಅನುಮತಿ ಸಿಗುತ್ತಿತ್ತು; ಉಳಿದವರ ಜೊತೆಗೇ ಹಾಜರಾಗಿ, ಪ್ರಶ್ನೆಗಳು ಕಿವಿಗೆ ಬೀಳದಂತೆ ಬೇರೆ ಕೋಣೆಯಲ್ಲಿ ಕಾವಲಿನಲ್ಲಿದ್ದು, ಸೂರ್ಯಾಸ್ತದ ಬಳಿಕ ಬರೆಯಬೇಕು. ಎರಡು ಗಂಟೆಯ ಪರೀಕ್ಷೆ, ಒಂದು ನಿಮಿಷವೂ ಹೆಚ್ಚಿಲ್ಲ.

ಕೊಚ್ಚಿ ಹೊರವಲಯದ ಕಾಕ್ಕನಾಡಿನ ಕಂಪನಿಯಲ್ಲಿ ಅವಳದು ತಾತ್ಕಾಲಿಕ ಕೆಲಸ. ಪದವಿಗೆ ಇದೊಂದೇ ವಿಷಯ ಬಾಕಿ. ಹಿಂದಿನ ವರ್ಷವೂ ಅದು ಶನಿವಾರವೇ ಬಿದ್ದಿತ್ತು; ಅನುಮತಿಯ ವಿಚಾರ ತಿಳಿಯದೆ ಅವಳು ಹೋಗಿರಲಿಲ್ಲ. ಈ ಸಲವೂ ಪಾಸಾಗದಿದ್ದರೆ ಕೆಲಸ ಮುಂದುವರಿಯುವುದಿಲ್ಲ ಎಂದು ಕಂಪನಿ ಬರೆದೇ ಕೊಟ್ಟಿತ್ತು.

ಈ ಸಲದ ಅರ್ಜಿ ನಾನು ಬರೆದದ್ದು. ಕೊಚ್ಚಿಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. ಸೂರ್ಯಾಸ್ತಕ್ಕೆ ನಮ್ಮ ಪತ್ರಿಕೆಗಿಂತ ಬೇರೆ ಆಧಾರ ಬೇಕೇ ಎಂದುಕೊಂಡು ಅದರಲ್ಲಿದ್ದ ಅಂಕಿಯನ್ನು ಇಳಿಸಿದ್ದೆ. ಈಗ ಅಂಗಡಿಯ ಬೆಂಚಿನಿಂದಲೇ ಡೆಸ್ಕಿಗೆ ಫೋನ್ ಮಾಡಿದೆ.

“ಅದಾ ಚೇಟ್ಟಾ? ಆ ಬಾಕ್ಸು ಮಾರ್ಚಿನಿಂದ ಹಾಗೇ ಅಚ್ಚಿಗೆ ಹೋಗ್ತಾ ಇದೆ,” ಎಂದ ಮಲಯಾಳಿ ಸಹೋದ್ಯೋಗಿ. “ಸೂರ್ಯ ಇನ್ನೂ ಕಂಪ್ಲೇಂಟ್ ಕೊಟ್ಟಿಲ್ಲ.”

ನಾನು ನಗಲಿಲ್ಲ. ಆಕಾಶ ನೋಡಿದೆ. ಬೆಳಗ್ಗಿನಿಂದ ಮಳೆಮೋಡ, ಸೂರ್ಯ ಎಲ್ಲಿದ್ದಾನೆಂಬುದೇ ಗೊತ್ತಾಗುತ್ತಿರಲಿಲ್ಲ. ಕೋಣೆಯೊಳಗಿದ್ದವಳಿಗೂ ತಿಳಿಯುವಂತಿರಲಿಲ್ಲ. ಆರು ಮೂವತ್ತಮೂರಕ್ಕೆ ಪ್ರಶ್ನೆಪತ್ರಿಕೆ ಕೊಡುತ್ತಾರೆ, ನನ್ನನ್ನು ನಂಬಿದವಳು ಬರೆಯಲು ತೊಡಗುತ್ತಾಳೆ. ನಾನು ಸುಮ್ಮನಿದ್ದರೆ ಅವಳಿಗೆ ಪೂರ್ತಿ ಎರಡು ಗಂಟೆ. ಹೇಳಿದರೆ ಹನ್ನೆರಡು ನಿಮಿಷ ಹೋಯಿತು; ಆದೇಶದ ಪ್ರಕಾರ 8.33ಕ್ಕೇ ಉತ್ತರಪತ್ರಿಕೆ ಕೊಡಬೇಕು. ಅವಳ ಕೈಬರಹ ನಿಧಾನ. ಮನೆಯಲ್ಲಿ ಗಡಿಯಾರ ಇಟ್ಟು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆದಾಗಲೆಲ್ಲ ಕೊನೆಯ ಪ್ರಶ್ನೆ ಕೊನೆಯ ನಿಮಿಷದಲ್ಲೇ ಮುಗಿಯುತ್ತಿತ್ತು.

ನಾನು ಕಾಸರಗೋಡು ಕಡೆಯವನು, ಭಾನುವಾರ ಚರ್ಚಿಗೆ ಹೋಗುವ ಮನೆಯವನು. ಪತ್ರಿಕೆ ಸೇರಿದ ಮೇಲೆ ಭಾನುವಾರವೂ ಕೆಲಸವೇ. ಧಾರವಾಡದ ಅವಳ ಈ ನಿಷ್ಠೆಯನ್ನು ಮದುವೆಯಾದ ಹೊಸತರಲ್ಲಿ ಒಮ್ಮೆ ಕೆಣಕಿದ್ದೆ. “ಎಂತ ಮಾರಾಯ್ತಿ, ನಿನ್ನ ದೇವರು ಗಡಿಯಾರ ಹಿಡಿದು ಕೂತಿದ್ದಾನಾ? ಇಷ್ಟು ಹೆದರಿಕೆ ಯಾಕೆ?”

“ಅಂಜಿಕಿ ಯಾಕ್ರಿ? ನೀವು ಮನಿಗೆ ಸಿಗಡಿ ತರೂದು ಬಿಟ್ರಲ್ಲ, ಯಾರಿಗಂಜಿ ಬಿಟ್ರಿ?”

“ನಿನಗೇ. ಮತ್ತೆ ಯಾರಿಗೆ?”

“ಸುಳ್ಳ ಹೇಳಬ್ಯಾಡ್ರಿ. ತರಬ್ಯಾಡ್ರಿ ಅಂತ ನಾ ಒಮ್ಮೆನೂ ಅಂದಿಲ್ಲ. ನಾವು ತಿನ್ನಂಗಿಲ್ಲ ಅಂದಿದ್ದೆ, ಅಷ್ಟ. ನಿಮಗ ಅಷ್ಟ ಸಾಕಾತು. ಇದೂ ಹಂಗ ನೋಡ್ರಿ. ಆತಗ ಏನು ಬೇಕು ಅಂತ ಹೇಳ್ಯಾನ. ಪ್ರೀತಿ ಇದ್ದಾವ್ರು ಗೊತ್ತಾದ ಮ್ಯಾಲೆ ಹೆಂಗ ಮೀರ್ತಾರ?”

ಗೊತ್ತಾದ ಮೇಲೆ. ಚಹಾದಂಗಡಿಯಲ್ಲಿ ನನ್ನನ್ನು ಕಾಡಿದ್ದು ಆ ಮಾತು. ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಅವಳಿಗೆ ಕೆಲಸ ಬೇಕು, ನನಗೂ ಆ ಕೆಲಸ ಬೇಕಿತ್ತು. ಆರು ದಾಟುವವರೆಗೆ ಆ ಬೆಂಚಿನಲ್ಲೇ ಕುಳಿತಿದ್ದೆ. ಚಹಾ ಆರಿಹೋಯಿತು. ಆರು ಹತ್ತಕ್ಕೆ ಎದ್ದು ಮೆಟ್ಟಿಲು ಹತ್ತಿದೆ.

ಬಾಗಿಲಲ್ಲಿ ಕಾವಲಿಗಿದ್ದ ಟೀಚರ್ ತಡೆದರು. “ಅಭ್ಯರ್ಥಿ ಜೊತೆ ಮಾತಾಡುವಂತಿಲ್ಲ, ಸಾರೇ.”

ವಿಷಯ ಹೇಳಿದೆ. ಸಮಯವನ್ನು ಮುಂದಕ್ಕೆ ಹಾಕಬಹುದೇ ಎಂದು ಕೇಳಿದೆ. ಆದೇಶದಲ್ಲಿ ಇರುವುದು 6.33ರಿಂದ 8.33, ತಿದ್ದಬೇಕಾದ ಕಚೇರಿಗೆ ಬೀಗ ಬಿದ್ದಾಗಿದೆ ಎಂದರು. ಆಮೇಲೆ ದನಿ ತಗ್ಗಿಸಿದರು. “ನಿಮಗ್ಯಾಕೆ ಬೇಕು ಇದು? ಗೊತ್ತಿಲ್ಲದೆ ಮಾಡಿದರೆ ಪಾಪ ಇಲ್ಲ. ಈ ಮೋಡದಲ್ಲಿ ದೇವರಿಗೂ ಸೂರ್ಯ ಕಾಣಿಸೋದಿಲ್ಲ. ಪಾಪದ ಹುಡುಗಿ, ಬೆಳಗ್ಗಿನಿಂದ ಕೂತಿದ್ದಾಳೆ. ಬರೀಲಿ ಬಿಡಿ.”

ಅವರು ಹೇಳಿದ್ದರಲ್ಲಿ ಕರುಣೆಯಿತ್ತು. ನನಗೆ ಒಪ್ಪಿಬಿಡುವ ಮನಸ್ಸೂ ಆಯಿತು. ಆದರೂ ಜೇಬಿನ ನೋಟ್‌ಪ್ಯಾಡಿನಿಂದ ಹಾಳೆ ಹರಿದು, ಅವರೂ ಓದಿ ಪರೀಕ್ಷಿಸಲಿ ಎಂದು ಇಂಗ್ಲಿಷಿನಲ್ಲೇ ಬರೆದೆ: ಇಂದಿನ ಸೂರ್ಯಾಸ್ತ 6.45, ಅರ್ಜಿಯಲ್ಲಿ ನಾನು ಕೊಟ್ಟ ಸಮಯ ತಪ್ಪು, ಹೆಚ್ಚಿನ ಸಮಯ ಸಿಗುವುದಿಲ್ಲ. ಟೀಚರ್ ಎರಡು ಸಲ ಓದಿ, ತಲೆಯಾಡಿಸಿ ಒಳಗೆ ಹೋದರು.

ಮೆಟ್ಟಿಲ ಬಳಿ ನಿಂತರೆ ಕಿಟಕಿಯಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಚೀಟಿ ಓದಿದಳು. ತಿರುಗಿ ನೋಡಲಿಲ್ಲ. ಆರು ಮೂವತ್ತಮೂರಕ್ಕೆ ಪ್ರಶ್ನೆಪತ್ರಿಕೆ ಬಂತು. ಅದನ್ನು ಬೋರಲು ಹಾಕಿ, ಪೆನ್ನನ್ನು ಅದರ ಮೇಲಿಟ್ಟು, ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಟೀಚರ್ ಬಗ್ಗಿ ಏನೋ ಹೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಮೂವತ್ತೇಳು. ನಲವತ್ತು. ಮಳೆ ಶುರುವಾಯಿತು. ನಾನು ಗಡಿಯಾರವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅವಳು ಗೋಡೆಯ ಗಡಿಯಾರದತ್ತ ಒಮ್ಮೆಯೂ ಕತ್ತೆತ್ತಿದ್ದು ಕಾಣಲಿಲ್ಲ. ನಲವತ್ತೈದಕ್ಕೆ ಟೀಚರೇ ಹೋಗಿ ಮೇಜು ತಟ್ಟಿದರು.

ಕೊನೆಯ ಪ್ರಶ್ನೆ ಅರ್ಧಕ್ಕೆ ನಿಂತಿತು. ಎರಡು ತಿಂಗಳ ಬಳಿಕ ಫಲಿತಾಂಶ ಬಂತು. ಪಾಸಾಗಲು ನಾಲ್ಕು ಅಂಕ ಸಾಲಲಿಲ್ಲ. ಕಂಪನಿ ಹೇಳಿದಂತೆಯೇ ನಡೆದುಕೊಂಡಿತು. ಗುರುತಿನ ಚೀಟಿ ಒಪ್ಪಿಸಿ ಬಂದ ದಿನ ಅವಳು ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಅತ್ತಳು. ಹೊರಗೆ ಬಂದ ಮೇಲೆ, ತಡೆಯಲಾರದೆ ಕೇಳಿದೆ.

“ಆ ಚೀಟಿ ನಾನು ಕಳಿಸಬಾರದಿತ್ತಾ?”

“ಕಳಿಸಲಾರ್ದ ಇದ್ದಿದ್ರ ಪಾಸಾಗ್ತಿದ್ದೆ,” ಎಂದಳು, ಮುಖ ಒರೆಸಿಕೊಳ್ಳುತ್ತ. “ಆಮ್ಯಾಲೆ ಎಂದರ ಒಂದಿನ ನೀವ ಬಾಯಿ ಬಿಡ್ತಿದ್ರಿ. ನಿಮಗ ಹೊಟ್ಟ್ಯಾಗ ಇಟ್ಕೊಳ್ಳಾಕ ಬರಂಗಿಲ್ಲ. ಅವತ್ತ ನಾ ಏನು ಮಾಡಬೇಕಿತ್ತು, ಹೇಳ್ರಿ? ದೇವರ ಮುಂದೂ ಸುಮ್ಮನಿರಾಕ ಆಗ್ತಿರಲಿಲ್ಲ, ನಿಮ್ಮ ಮುಂದೂ.”

ಅವಳು ಉತ್ತರಕ್ಕೆ ಕಾಯಲಿಲ್ಲ. ಮರುಪರೀಕ್ಷೆಯ ಅರ್ಜಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು, “ಪೆನ್ ಕೊಡ್ರಿ. ಈ ಸಲ ನಾನ ಬರೀತೀನಿ,” ಎಂದಳು.