ಕೈ ಅವಳದು, ಮುಖ ಇನ್ಯಾರದೋ

ಕೊಡಗು ಇನ್ನೂ ಒಂದು ರಾಜ್ಯವಾಗಿದ್ದ ಕಾಲ. ಮಡಿಕೇರಿಯಲ್ಲಿ ನಮ್ಮದೇ ಮಂತ್ರಿಗಳಿದ್ದರು. ಆ ವರ್ಷಗಳಲ್ಲಿ ನಾನೂ ನನ್ನ ಗಂಡನೂ ಸೇರಿ ಒಂದು ಸಿನಿಮಾ ಮಾಡಿದೆವು. ಸೇರಿ ಮಾಡಿದೆವು ಅನ್ನುವುದು ನನ್ನ ಮಾತು. ಪರದೆಯ ಮೇಲೆ ನಿರ್ಮಾಪಕರು ಎಂದು ಬಂದದ್ದು ಅವರ ಹೆಸರೊಂದೇ. ಅದಕ್ಕೆ ನನಗೆ ಆಗ ಬೇಸರವೂ ಇರಲಿಲ್ಲ. ಕೋಪ ಬಂದದ್ದು ಬೇರೆ ಕಾರಣಕ್ಕೆ. ಎಂಬತ್ತು ದಾಟಿದ ಮೇಲೂ ಆ ಕೋಪ ಆರಿಲ್ಲ; ಆರಬೇಕು ಎಂದು ನನಗೆ ಅನಿಸುವುದೂ ಇಲ್ಲ.

ನಾವಿಬ್ಬರೂ ಶನಿವಾರಸಂತೆ ಕಡೆಯವರು. ಮದುವೆಗೆ ಮುಂಚೆ ನನ್ನ ಗಂಡ ಮದ್ರಾಸಿನ ಸ್ಟುಡಿಯೊ ಒಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದರು. ಸೆಟ್ಟಿಗೆ ಬೇಕಾದ ಕುರ್ಚಿಯಿಂದ ಹಿಡಿದು ಕುದುರೆಯವರೆಗೆ ಹುಡುಕಿ ತರುವುದು ಅವರ ಕೆಲಸ. ಇನ್ನೊಬ್ಬರ ಚಿತ್ರಕ್ಕೆ ದುಡಿದದ್ದು ಸಾಕು, ನಮ್ಮ ಊರಿನದೇ ಒಂದು ಕಥೆಯನ್ನು ಸ್ಟುಡಿಯೊದವರ ಹಂಗಿಲ್ಲದೆ ತೆಗೆಯುತ್ತೇನೆ ಎಂದು ಹಟ ತೊಟ್ಟು ವಾಪಸು ಬಂದರು. ನಾನು ಆಗ ಶ್ರೀಮಂಗಲದ ಪ್ರೈಮರಿ ಶಾಲೆಯಲ್ಲಿ ಟೀಚರು. ಸ್ವತಂತ್ರ ನಿರ್ಮಾಪಕ ಅಂದರೆ ಹೇಳುವವರು ಕೇಳುವವರು ಯಾರೂ ಇಲ್ಲದವನು ಎಂದು ನಾನು ತಿಳಿದಿದ್ದೆ. ಕಂಡಕಂಡವರೆಲ್ಲ ಹೇಳುವವರೇ ಎಂಬುದು ಆಮೇಲೆ ಗೊತ್ತಾಯಿತು.

ಕಥೆ ನನ್ನದು. ಕಥೆ ಎನ್ನುವುದಕ್ಕಿಂತ, ದಿನಾ ಬೆಳಿಗ್ಗೆ ನಾನು ಕಣ್ಣಾರೆ ನೋಡುತ್ತಿದ್ದದ್ದು. ಎರಡು ಮೈಲಿ ದೂರದ ಕಾಫಿ ಎಸ್ಟೇಟಿನ ಕೂಲಿಯವರ ಲೈನು ಮನೆಗಳಿಂದ ಒಬ್ಬ ಹೆಂಗಸು ಮಗಳನ್ನು ನಡೆಸಿಕೊಂಡು ಬಂದು ಶಾಲೆಯ ಮೆಟ್ಟಿಲ ಮೇಲೆ ಕೂರಿಸಿ, ಓಡುತ್ತಾ ಹಣ್ಣು ಬಿಡಿಸುವ ಪಿಕಿಂಗಿಗೆ ವಾಪಸಾಗುತ್ತಿದ್ದಳು. ಲೈನಿನ ಮಕ್ಕಳು ಶಾಲೆಗೆ ಬರುತ್ತಿದ್ದದ್ದೇ ಅಪರೂಪ. ತಡವಾಗಿ ಬಂದಳೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವಳಿಗೆ ಅರ್ಧ ದಿನದ ಹಾಜರಿ ಹಾಕುತ್ತಿದ್ದ. ಆದರೂ ಮಾರನೆಯ ದಿನ ಅವಳು ಮತ್ತೆ ಬರುತ್ತಿದ್ದಳು. ಅವಳ ತಂದೆಯ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಹಾರಂಗಿ ಹೊಳೆಯ ಆಚೆ ಕಾಡು ಕಡಿದು ಹೊಲ ಮಾಡಿದ ಮನೆತನ; ಗಂಡನ ಮನೆಯೂ ಅದೇ ಊರಿನಲ್ಲಿ. ಗಂಡ ತೀರಿಕೊಂಡ ಮೇಲೆ ಮೈದುನಂದಿರ ಜೊತೆ ಏಗಲಾರದೆ ಎಸ್ಟೇಟಿಗೆ ಬಂದಿದ್ದಳು. ಎತ್ತರದ ಆಳು, ಕಪ್ಪು ಬಣ್ಣ, ಎಡ ಹುಬ್ಬಿನ ನಡುವೆ ಒಂದು ಗಾಯದ ಗುರುತು. ಸುಮ್ಮನೆ ನಿಂತರೂ ಎದುರಿಗಿದ್ದವರು ಮಾತು ನಿಲ್ಲಿಸುವಂಥ ನಿಲುವು.

ನಾನು ಬರೆದದ್ದನ್ನು ಓದಿ ನನ್ನ ಗಂಡ, ಇದಕ್ಕೆ ನಟಿಯನ್ನು ಎಲ್ಲಿಂದ ತರೋಣ ಎಂದರು. ಅವಳೇ ಇದ್ದಾಳಲ್ಲ ಎಂದೆ. ಅವರು ನಕ್ಕರು. ಮಾರನೆಯ ದಿನ ಬೆಳಿಗ್ಗೆ ಶಾಲೆಯ ಹತ್ತಿರ ನಿಂತು ಅವಳನ್ನು ನೋಡಿದ ಮೇಲೆ ನಗಲಿಲ್ಲ.

ಅವಳನ್ನು ಒಪ್ಪಿಸಿದ್ದು ನಾನು. ಎರಡು ಸಲ ಆಗುವುದಿಲ್ಲ ಎಂದಳು. ಬಣ್ಣ ಹಚ್ಚಿಕೊಂಡು ಕುಣಿಯುವವಳಲ್ಲ ನಾನು ಎಂದಳು. ಬಣ್ಣವೂ ಇಲ್ಲ, ಕುಣಿತವೂ ಇಲ್ಲ, ನೀನು ದಿನಾ ಮಾಡುವುದನ್ನೇ ಮಾಡಬೇಕು ಎಂದು ನಾನು ಅವಳ ಲೈನಿನ ಮುಂದೆ ಕೂತು ವಿವರಿಸಿದೆ. ಮೂರನೆಯ ಸಲ ಹೋದಾಗ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

“ಕಡೇತನ್ಕ ನಾನೇ ಇರ್ತೀನಾ ಅಮ್ಮಾವ್ರೇ ಅದ್ರಲ್ಲಿ?”

ಇರ್ತೀಯ ಎಂದೆ. ಮಾತು ಕೊಟ್ಟದ್ದು ನಾನು, ನನ್ನ ಗಂಡ ಅಲ್ಲ. ಇದನ್ನು ನಾನು ಮರೆತಿಲ್ಲ.

ಆ ಸಲದ ಪಿಕಿಂಗಿನಲ್ಲೇ ಚಿತ್ರೀಕರಣ ಆಯಿತು. ಮದ್ರಾಸಿನಿಂದ ಬಾಡಿಗೆಯ ಕ್ಯಾಮೆರಾ ಬಂತು. ಅದರ ಜೊತೆಗೇ ಅದನ್ನು ನಡೆಸುವವನೂ ಬಂದ. ಎಸ್ಟೇಟಿನ ಮಾಲೀಕರು ಒಂದು ಬ್ಲಾಕಿನ ಗಿಡಗಳನ್ನು ನಮಗೆಂದು ಬಿಡಿಸದೆ ಉಳಿಸಿಕೊಟ್ಟರು. ಅವರನ್ನು ಕೇಳಿ ಒಪ್ಪಿಸಿದ್ದು, ಶಾಲೆಗೆ ರಜೆ ಹಾಕಿ ಹದಿನಾಲ್ಕು ಜನರಿಗೆ ಅಡಿಗೆ ಮಾಡಿದ್ದು, ಲೈನಿನ ಹೆಂಗಸರನ್ನು ಕರೆತಂದದ್ದು, ಕ್ಯಾಮೆರಾಕ್ಕೆ ಕೊಡೆ ಹಿಡಿದದ್ದು ಎಲ್ಲಾ ನಾನೇ. ಅರ್ಧ ಹಾಜರಿ ಹಾಕುತ್ತಿದ್ದ ಅದೇ ರೈಟರನ್ನು, ಕುಟ್ಟದ ಆಚೆಯ ಆ ಮಲಯಾಳಿಯನ್ನು, ರೈಟರಾಗಿಯೇ ನಟಿಸುವಂತೆ ಪುಸಲಾಯಿಸಿದವಳೂ ನಾನೇ. ನಿರ್ಮಾಪಕರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಈ ಪಟ್ಟಿಯನ್ನೇ ಹೇಳುತ್ತೇನೆ.

ಒಂದು ದೃಶ್ಯದ ಬಗ್ಗೆ ಮಾತ್ರ ಹೇಳಬೇಕು. ಸಂಜೆ ಕಾಫಿ ಹಣ್ಣು ಅಳೆಯುವ ಜಾಗ. ಮಗಳನ್ನು ಶಾಲೆಗೆ ಬಿಡಲು ಹೋಗಿದ್ದಕ್ಕೆ ರೈಟರು ಅವಳ ಹಾಜರಿಯನ್ನು ಅರ್ಧಕ್ಕೆ ಇಳಿಸುತ್ತಾನೆ. ಅವಳು ಚೀಲ ಇಳಿಸಿ, ಏನೂ ಮಾತಾಡದೆ ಅವನ ಮುಖ ನೋಡುತ್ತಾ ನಿಲ್ಲಬೇಕು. ನಿಂತಳು. ಹಿಂದಿನ ಸಾಲಿನ ಹೆಂಗಸರು ಗುಸುಗುಟ್ಟುವುದನ್ನು ಬಿಟ್ಟರು. ನಿಜವಾದ ರೈಟರು ನಿಜವಾಗಿಯೇ ಕಣ್ಣು ತಗ್ಗಿಸಿದ. ಸಾಕು ಎಂದು ಹೇಳಬೇಕಾದ ನನ್ನ ಗಂಡ ಹೇಳಲಿಲ್ಲ, ಕ್ಯಾಮೆರಾದವನು ನಿಲ್ಲಿಸಲಿಲ್ಲ, ರೀಲು ಮುಗಿಯುವವರೆಗೂ ಓಡಿತು. ಇನ್ನೊಂದು ಸಲ ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ.

ಆಮೇಲೆ ನನ್ನ ಗಂಡ ಡಬ್ಬಗಳನ್ನೆಲ್ಲ ತೆಗೆದುಕೊಂಡು ಮದ್ರಾಸಿಗೆ ಹೋದರು. ಕಾಗದಗಳು ಬರುತ್ತಿದ್ದವು. ಮೊದಲನೆಯದರಲ್ಲಿ, ಅವಳ ಮಾತನ್ನು ಬೇರೆ ಹೆಂಗಸಿನ ದನಿಯಲ್ಲಿ ಸೇರಿಸಬೇಕಾಗುತ್ತದೆ, ಹಾಸನದ ಮಾತು ಎಲ್ಲರಿಗೂ ಹಿಡಿಸುವುದಿಲ್ಲವಂತೆ ಎಂದಿತ್ತು. ಹೋಗಲಿ, ದನಿ ತಾನೆ ಎಂದುಕೊಂಡೆ. ಎರಡನೆಯದರಲ್ಲಿ, ಬೆಂಗಳೂರಿನ ಹಂಚಿಕೆದಾರರೊಬ್ಬರು ಒಪ್ಪಿದ್ದಾರೆ, ಆದರೆ ಮೂರು ಹಾಡು ಬೇಕಂತೆ ಎಂದಿತ್ತು. ಹಾಡಿಲ್ಲದೆ ಯಾರು ನೋಡುತ್ತಾರೆ ಎಂದು ನಾನೇ ಸಮಾಧಾನದ ಉತ್ತರ ಬರೆದೆ. ಮೂರನೆಯ ಕಾಗದದಲ್ಲಿ ‘ಕೆಲವು ಕಡೆ ಸರಿಪಡಿಸುತ್ತಿದ್ದೇವೆ’ ಎಂಬ ಒಂದು ಸಾಲು. ಅಷ್ಟೇ. ಆ ಸಾಲನ್ನು ನಾನು ಓದಿ ಮಡಿಸಿಟ್ಟೆ.

ವಿರಾಜಪೇಟೆಯ ಟಾಕೀಸಿಗೆ ಚಿತ್ರ ಬಂದದ್ದು ಒಂದು ಸಂತೆಯ ದಿನ. ನನ್ನ ಗಂಡ ಇನ್ನೂ ಬೆಂಗಳೂರಿನಲ್ಲೇ ಇದ್ದರು. ರೈಟರೇ ಮಾಲೀಕರನ್ನು ಕೇಳಿ ಎಸ್ಟೇಟಿನ ಲಾರಿ ಹೊರಡಿಸಿದ. ಲೈನಿನ ಹೆಂಗಸರು ಮಕ್ಕಳೆಲ್ಲ ಹತ್ತಿದರು. ಅವಳು ಒಂದು ಹಸಿರು ಸೀರೆ ಉಟ್ಟು, ಮಗಳಿಗೆ ಎರಡು ಜಡೆ ಹಾಕಿ, ನನ್ನ ಪಕ್ಕದಲ್ಲಿ ಕೂತಳು.

ಚಿತ್ರ ಶುರುವಾಯಿತು. ಕಾಫಿ ಗಿಡದ ನಡುವೆ ಒಂದು ಜೊತೆ ಕೈಗಳು ಹಣ್ಣು ಬಿಡಿಸುತ್ತಿದ್ದವು. ಲೈನಿನವರು ಅವಳ ಕೈ ಗುರುತಿಸಿ ಕೂಗು ಹಾಕಿದರು. ಮುಂದಿನ ಶಾಟಿನಲ್ಲಿ ಗಿಡದ ಹಿಂದಿನಿಂದ ತಲೆ ಎತ್ತಿದ್ದು ಬೆಳ್ಳಗೆ ಪೌಡರು ಮೆತ್ತಿಕೊಂಡ ಇನ್ಯಾರೋ. ಸ್ಟುಡಿಯೊದಲ್ಲಿ ಕುಂಡದಲ್ಲಿಟ್ಟ ಯಾವುದೋ ಗಿಡದ ಮುಂದೆ ನಿಂತು ಆ ನಟಿ ಹಾಡಿದಳು. ಕೂಗು ಹಾಕಿದವರು ಸುಮ್ಮನಾದರು. ಗುಡ್ಡ ಹತ್ತುವ ಬೆನ್ನು ಇವಳದು, ತಿರುಗಿದ ಮುಖ ಅವಳದು. ಮಗಳ ಕೈ ಹಿಡಿದ ಕೈ ಇವಳದು, ಮುತ್ತಿಟ್ಟ ಮುಖ ಅವಳದು. ಅಳೆಯುವ ಜಾಗದ ದೃಶ್ಯದಲ್ಲಿ ಆ ನಟಿ ರೈಟರ ಕಾಲು ಹಿಡಿದು ಗೋಳೋ ಎಂದು ಅತ್ತಳು. ರೈಟರೂ ನಮ್ಮ ರೈಟರಲ್ಲ. ಇವಳ ನಿಲುವು ಒಂದು ಗಳಿಗೆಯಷ್ಟೂ ಉಳಿದಿರಲಿಲ್ಲ.

ನನ್ನ ಕಿವಿ ಕಾದ ಹಂಚಿನಂತಾಗಿತ್ತು. ಎದ್ದು ಹೋಗೋಣ ಎಂದು ಅವಳ ತೋಳು ಹಿಡಿದೆ. ಅವಳು ಏಳಲಿಲ್ಲ. ಕೊನೆಯವರೆಗೂ ಕೂತು ನೋಡಿದಳು. ಹೊರಗೆ ಬಂದು ಸಂತೆಯ ಬಿಸಿಲಿನಲ್ಲಿ ನಿಂತ ಮೇಲೆ ಎರಡೂ ಅಂಗೈ ತಿರುಗಿಸಿ ನೋಡಿಕೊಂಡು ಹೇಳಿದಳು:

“ಕೈ ನನ್ನವೇ ಅಲ್ವಾ ಅಮ್ಮಾವ್ರೇ?”

ನಾನು ಮಗಳನ್ನು ಎತ್ತಿ ಲಾರಿ ಹತ್ತಿಸಿದೆ. ಲಾರಿಯಲ್ಲಿ ವಾಪಸು ಬರುವಾಗ ಯಾರೋ ಒಬ್ಬಳು ‘ಸಿನಿಮಾದ ರಾಣಿ’ ಎಂದು ಕಿಸಕ್ಕನೆ ನಕ್ಕಳು. ಉಳಿದವರೂ ಸೇರಿಕೊಂಡರು. ಮಾರನೆಯ ದಿನದಿಂದ ಮಗಳು ಶಾಲೆಗೆ ಬರಲಿಲ್ಲ. ಎರಡು ಮೈಲಿ ನಡೆಸಿಕೊಂಡು ಬರುವ ಹಟವೇ ತಾಯಿಯಲ್ಲಿ ಉಳಿದಿರಲಿಲ್ಲವೋ, ನನ್ನ ಮುಖ ನೋಡುವುದು ಬೇಡವಾಗಿತ್ತೋ.

ನನ್ನ ಗಂಡ ಬಂದದ್ದು ಒಂದು ವಾರದ ಮೇಲೆ. ಬೆಂಗಳೂರಿನಲ್ಲಿ ತಮಗೆ ಹಾಕಿದ ಹಾರವನ್ನು ಕಾಗದದಲ್ಲಿ ಸುತ್ತಿ ನನಗೆಂದು ತಂದಿದ್ದರು. ಅದನ್ನು ಹಿತ್ತಲ ತಿಪ್ಪೆಗೆ ಎಸೆದೆ. ಅವರು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಹಂಚಿಕೆದಾರ ಮೊದಲ ಪ್ರತಿ ನೋಡಿ, ಕಪ್ಪು ಮುಖ, ಗಾಯದ ಹುಬ್ಬು, ಇವಳನ್ನು ನೋಡಲು ಯಾರು ಟಿಕೆಟ್ ತೆಗೆಯುತ್ತಾರೆ ಎಂದನಂತೆ. ನಟಿಯನ್ನು ಅವನೇ ಕೊಟ್ಟನಂತೆ. ಆಗುವುದಿಲ್ಲ ಎಂದಿದ್ದರೆ ಚಿತ್ರ ಡಬ್ಬದಲ್ಲೇ ಕೊಳೆಯುತ್ತಿತ್ತಂತೆ.

“ನನ್ ಕೈಲಿ ಏನಿತ್ತೇ, ನೀನೇ ಹೇಳು,” ಎಂದರು.

“ಬಾಯಿತ್ತಲ್ಲ. ಒಲ್ಲೆ ಅನ್ಬೋದಿತ್ತು,” ಎಂದೆ. “ಹೋಗ್ಲಿ, ನಂಗೊಂದು ಕಾಗ್ದ ಬರೀಬೋದಿತ್ತು. ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡಿದೋಳು ನಾನು ಕಣ್ರೀ.”

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಹೆದರಿ ಒಪ್ಪಿಕೊಂಡ ಒಳ್ಳೆಯವರ ಮೇಲಿನ ಕೋಪವನ್ನು ಇಳಿಸುವುದಕ್ಕೆ ಜಾಗವೇ ಇರುವುದಿಲ್ಲ.

ಅವರ ಟ್ರಂಕಿನ ತಳದಲ್ಲಿ ನಾಲ್ಕು ತಗಡಿನ ಡಬ್ಬಗಳು ಸಿಕ್ಕಿದವು. ಮೊದಲು ಜೋಡಿಸಿದ್ದ ಪ್ರತಿ, ಮಾತು ಇನ್ನೂ ಸೇರಿಸದ್ದು, ಅವಳೇ ಇದ್ದದ್ದು. ಎಸೆಯಲು ಮನಸ್ಸು ಬರಲಿಲ್ಲ ಎಂದರು. ನಾನು ವಿರಾಜಪೇಟೆಗೆ ಹೋಗಿ ಟಾಕೀಸಿನ ಮಾಲೀಕರನ್ನು ಕಂಡೆ. ಭಾನುವಾರ ಬೆಳಿಗ್ಗೆ ಆಟವಿಲ್ಲದ ಹೊತ್ತಿನಲ್ಲಿ ಒಂದು ಗಂಟೆ ಬಿಟ್ಟುಕೊಡಿ ಎಂದು ಕೇಳಿದೆ. ನನ್ನ ಮುಖ ನೋಡಿಯೇ ಇರಬೇಕು, ಏಕೆ ಎಂದು ಕೇಳದೆ ಒಪ್ಪಿದರು.

ಅವಳನ್ನು ಕರೆತರುವುದೇ ಕಷ್ಟವಾಯಿತು. ಬಾಗಿಲು ಮುಂದೆ ಮಾಡಿ ಒಳಗೇ ಕೂತಳು. ಒಲೆಯ ಹೊಗೆ ಮಾಡಿನ ಸಂದಿಯಿಂದ ಬರುತ್ತಿತ್ತು, ಅವಳು ಮಾತ್ರ ಬರಲಿಲ್ಲ. ನಾನು ಹೊರಗಿನ ಕಟ್ಟೆಯ ಮೇಲೆ ಕೂತೇ ಇದ್ದೆ. ಮಧ್ಯಾಹ್ನವಾದ ಮೇಲೆ ಬಾಗಿಲು ತೆರೆದು, ಲೈನಿನವರು ಯಾರೂ ಬರಬಾರದು, ನಾನೂ ಮಗಳೂ ಮಾತ್ರ ಎಂದಳು.

ಭಾನುವಾರ ಡಬ್ಬಗಳನ್ನು ಹೊತ್ತುಕೊಂಡು ಬಸ್ಸು ಹತ್ತಿದ್ದು ನನ್ನ ಗಂಡ. ಬನ್ನಿ ಎಂದು ನಾನು ಕರೆದಿರಲಿಲ್ಲ. ಅವರು ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ ಕೂತರು. ಖಾಲಿ ಟಾಕೀಸಿನಲ್ಲಿ ಯಂತ್ರದ ಕರಕರ ಸದ್ದೊಂದೇ. ಅವಳ ಮುಖ ಪರದೆಯ ತುಂಬ ಬಂದಾಗ ಮಗಳು ಅವ್ವಾ ಎಂದು ಅವಳ ತೊಡೆ ಹಿಡಿದುಕೊಂಡಳು. ಅಳೆಯುವ ಜಾಗದಲ್ಲಿ ಅವಳು ನಿಂತಳು. ನಿಂತೇ ಇದ್ದಳು. ಯಂತ್ರ ನಡೆಸುತ್ತಿದ್ದವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದ.

ದೀಪ ಹತ್ತಿದ ಮೇಲೆ ಅವಳು “ಚೆನ್ನಾಗೇ ಮಾಡಿದ್ನಲ್ಲ ನಾನು,” ಎಂದಳು. ಆಮೇಲೆ ಎದ್ದು ಹಿಂದಿನ ಬೆಂಚಿನವರೆಗೆ ನಡೆದುಹೋಗಿ ನನ್ನ ಗಂಡನ ಮುಂದೆ ನಿಂತಳು.

“ಮತ್ತ್ಯಾಕೆ ನನ್ನ ತೆಗೆದಾಕಿದ್ರಿ ಸೋಮಿ?”

ಅವಳು ಉತ್ತರಕ್ಕಾಗಿ ಸಾಕಷ್ಟು ಹೊತ್ತು ಕಾದು, ಮಗಳ ಕೈ ಹಿಡಿದು ಹೊರಗೆ ಹೋದಳು. ಅವಳಿಗೆ ತೋರಿಸಿದರೆ ನನ್ನ ಮನಸ್ಸಿಗೆ ತಂಪಾದೀತು ಎಂದು ನಾನು ಎಣಿಸಿದ್ದೆ. ಆಗಲಿಲ್ಲ. ಅವಳು ಸಾಧಾರಣವಾಗಿ ಮಾಡಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲವೇನೋ.

ಅದೇ ತಿಂಗಳು ನಾನೊಬ್ಬಳೇ ಬೆಂಗಳೂರಿಗೆ ಹೋಗಿ ಹಂಚಿಕೆದಾರನನ್ನು ಕಂಡೆ. ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದ. ಮುಖ ವಾಪಸು ಹಾಕಲಾಗದಿದ್ದರೆ ಅವಳ ಹೆಸರನ್ನಾದರೂ ಹಾಕಿ ಎಂದೆ. ಅವನಿಗೆ ಯಾವ ಹೆಂಗಸು ಎಂಬುದೇ ನೆನಪಿಗೆ ಬರಲಿಲ್ಲ. ಬಂದ ಮೇಲೆ, ಕೈಗೂ ಬೆನ್ನಿಗೂ ಯಾರಾದರೂ ಹೆಸರು ಹಾಕುತ್ತಾರೆಯೇ ತಾಯಿ ಎಂದು ನಕ್ಕ. ಕಾಫಿ ಮುಟ್ಟದೆ ಎದ್ದು ಬಂದೆ. ಆ ನಗು ಇವತ್ತಿಗೂ ನನಗೆ ಕೇಳಿಸುತ್ತದೆ. ಅವನು ತೀರಿಕೊಂಡ ಸುದ್ದಿ ಬಂದ ದಿನವೂ ನಾನು ಅಯ್ಯೋ ಪಾಪ ಅನ್ನಲಿಲ್ಲ.

ಕೊಡಗು ಮೈಸೂರಿಗೆ ಸೇರುವ ಮಾತು ಜೋರಾಗಿದ್ದ ವರ್ಷ ಎರಡನೆಯ ಚಿತ್ರಕ್ಕೆ ಕೈ ಹಾಕಿದೆವು. ಆ ಸಲ ನಿರ್ಮಾಪಕಿ ನಾನು. ನನ್ನ ಸಹಿ ಇಲ್ಲದೆ ಯಾರ ಮುಖವನ್ನೂ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ ಎಂದು ಮೊದಲೇ ಬರೆಸಿಕೊಂಡೆ. ಗಂಡ ತಕರಾರಿಲ್ಲದೆ ಒಪ್ಪಿದರು. ಅವಳು ಅಷ್ಟರಲ್ಲಿ ಎಸ್ಟೇಟು ಬಿಟ್ಟು ತನ್ನ ಊರಿಗೆ ಹೋಗಿದ್ದಳು. ಕುಶಾಲನಗರವನ್ನು ಆಗ ಫ್ರೇಸರ್‌ಪೇಟೆ ಅನ್ನುತ್ತಿದ್ದರು. ಅಲ್ಲಿ ಬಸ್ಸಿಳಿದು, ಹಾರಂಗಿ ದಾಟಿ, ಕೇಳಿಕೊಂಡು ಕೇಳಿಕೊಂಡು ಅವಳ ಮನೆ ಹುಡುಕಿದೆ. ಮೈದುನಂದಿರ ಜೊತೆ ಜಗಳವಾಡಿ ಪಾಲಿನ ಹೊಲ ಬಿಡಿಸಿಕೊಂಡಿದ್ದಳು. ರಾಗಿ ಪೈರಿನಲ್ಲಿ ಕಳೆ ಕೀಳುತ್ತಿದ್ದವಳು ಎದ್ದು ಬಂದು ನೀರು ಬೆಲ್ಲ ಕೊಟ್ಟಳು. ನಾನು ಕಾಗದ ಬಿಚ್ಚಿ ಷರತ್ತನ್ನು ಓದಿ ಹೇಳಿದೆ. ಈ ಸಲ ಯಾರೂ ನಿನ್ನನ್ನು ಮುಟ್ಟುವಂತಿಲ್ಲ ಎಂದೆ.

“ಬ್ಯಾಡ ಅಮ್ಮಾವ್ರೇ,” ಎಂದಳು. “ನೀವು ಒಳ್ಳೇರೇಯ. ಆದ್ರೆ ನಂಗೆ ಬ್ಯಾಡ.”

ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಮಗಳು ಫ್ರೇಸರ್‌ಪೇಟೆಯ ಶಾಲೆಗೆ ಹೋಗುತ್ತಿದ್ದಾಳೆ ಎಂದು ಹೇಳಿ, ಹೊಳೆಯವರೆಗೆ ಬಂದು ಕಳಿಸಿಕೊಟ್ಟಳು.

ಆ ಚಿತ್ರವನ್ನು ಬೇರೆ ಹೆಂಗಸನ್ನು ಹಾಕಿಕೊಂಡು ಮಾಡಿದೆ. ಮೊದಲ ಹೆಸರು ಆಕೆಯದೇ. ಹೆಚ್ಚು ದಿನ ಓಡಲಿಲ್ಲ. ಆಮೇಲೆ ಇನ್ನೂ ಆರು ಚಿತ್ರ, ಟೀವಿ ಬಂದ ಮೇಲೆ ಎರಡು ಧಾರಾವಾಹಿ. ಪ್ರತಿ ಸಲವೂ ಯಾರಾದರೊಬ್ಬರು ನನ್ನೆದುರು ಕೂತು, ಅಮ್ಮಾ, ಒಂದು ಚಿಕ್ಕ ಬದಲಾವಣೆ ಅಷ್ಟೇ ಎಂದು ಶುರುಮಾಡುತ್ತಿದ್ದರು. ನಾನು ಅವರನ್ನು ಮಾತು ಮುಗಿಸಲು ಬಿಡುತ್ತಿರಲಿಲ್ಲ. ಜಗಳಗಂಟಿ ಎಂಬ ಹೆಸರು ಬಂತು, ಬರಬೇಕಾಗಿದ್ದ ಎಷ್ಟೋ ಕೆಲಸ ತಪ್ಪಿತು. ತಪ್ಪಲಿ.